ಮೀಟರ್ ಹೇಳುವ ಲೆಕ್ಕ, ಗಾಡಿ ಹೇಳುವ ಸತ್ಯ

“ಗಾಡಿ ಓಡಿದ್ದೇ ಕಮ್ಮಿ ಕಾಕಾ, ಬೇಕಾದ್ರೆ ಮೀಟರ್ ನೋಡಿ.” ಹಳೆ ಗಾಡಿ ನೋಡಲು ಹೋದವರ ಕಿವಿಗೆ ಈ ಮಾತು ಬೀಳದೆ ಇರುವುದಿಲ್ಲ. ನಮ್ಮ ಊರಿನ ಸೆಕೆಂಡ್ ಹ್ಯಾಂಡ್ ವ್ಯಾಪಾರದಿಂದ ಹಿಡಿದು ಅಮೆರಿಕದ ದೊಡ್ಡ ದೊಡ್ಡ ಹರಾಜಿನವರೆಗೆ ಮಾತು ಒಂದೇ, ಭಾಷೆ ಮಾತ್ರ ಬೇರೆ. ಅಲ್ಲಿ ಅರುವತ್ತು ವರ್ಷ ಹಳೆಯ ಐಷಾರಾಮಿ ಕಾರು ಮಾರುವವರು ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತಾರೆ. ಒಂದು, ಕಾರು ಬಹಳ ಕಡಿಮೆ ಮೈಲಿ ಓಡಿದೆ. ಇನ್ನೊಂದು, ಅದನ್ನು ಪೂರ್ತಿ ಬಿಚ್ಚಿ ಹೊಸದು ಮಾಡಿಲ್ಲ, ಬೇಕಾದಷ್ಟೇ ಸರಿಪಡಿಸಿದ್ದೇವೆ. ಈ ಎರಡು ಮಾತು ಸೇರಿದರೆ ಬೆಲೆ ಮೇಲಕ್ಕೆ ಹೋಗುತ್ತದೆ.

ಆದರೆ ಓಡದೆ ಇದ್ದ ಗಾಡಿ ಒಳ್ಳೆಯ ಗಾಡಿ ಎಂದು ಯಾರು ಹೇಳಿದರು? ಮೀಟರ್ ತೋರಿಸುವ ಸಂಖ್ಯೆಗೆ ಸಾಕ್ಷಿ ಏನು? ಸರಿಪಡಿಸುವಾಗ ಎಲ್ಲಿ ಕೈ ಹಾಕಬೇಕು, ಎಲ್ಲಿ ನಿಲ್ಲಿಸಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ಒಂದು ಕಾರನ್ನು ಎದುರಿಗೆ ಇಟ್ಟುಕೊಳ್ಳೋಣ. ಅದು 1961ರ ಲಿಂಕನ್ ಕಾಂಟಿನೆಂಟಲ್ ಸೆಡಾನ್. ಕೊಲ್ಲಿ ನಾಡಿನಲ್ಲಿ ದುಡಿದ ನಮ್ಮ ಹಿರಿಯರಿಗೆ ಅಮೆರಿಕದ ಉದ್ದನೆಯ ಕಾರುಗಳು ಹೊಸತೇನೂ ಅಲ್ಲ. ಶಾರ್ಜಾದಲ್ಲಿ ಹಳೆ ಕಾರುಗಳದ್ದೇ ಒಂದು ಮ್ಯೂಸಿಯಂ ಇದೆ, ಹೋಗಿ ನೋಡಿದವರು ನಮ್ಮಲ್ಲಿ ಇರಬಹುದು. ಆದರೆ ಹೊರಗಿನ ಹೊಳಪು ನೋಡುವುದು ಬೇರೆ, ಒಳಗಿನ ಸ್ಥಿತಿ ಓದುವುದು ಬೇರೆ.

ನಷ್ಟದ ನಡುವೆ ಹುಟ್ಟಿದ ಕಾರು

ಲಿಂಕನ್ ಅಂದರೆ ಫೋರ್ಡ್ ಕಂಪೆನಿಯ ಐಷಾರಾಮಿ ಕಾರುಗಳ ಹೆಸರು. ಹೆನ್ರಿ ಲೆಲ್ಯಾಂಡ್ ಎಂಬವರು 1917ರಲ್ಲಿ ಶುರು ಮಾಡಿದ ಈ ಕಂಪೆನಿಯನ್ನು ಫೋರ್ಡ್ 1922ರಲ್ಲಿ ಕೊಂಡಿತು. ಅಮೆರಿಕದಲ್ಲಿ ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ಇದಕ್ಕೆ ಎದುರಾಳಿ. 1950ರ ದಶಕದ ಕೊನೆಯಲ್ಲಿ ಕಾರು ಎಷ್ಟು ದೊಡ್ಡದೋ ಅಷ್ಟು ದೊಡ್ಡಸ್ತಿಕೆ ಎಂಬ ಕಾಲ. 1958ರ ಲಿಂಕನ್ ಹತ್ತೊಂಬತ್ತು ಅಡಿ ಉದ್ದ ಇತ್ತು. ಕ್ಯಾಡಿಲಾಕ್‌ನ ಹಿಂಭಾಗಕ್ಕೆ ವಿಮಾನದ ಬಾಲದ ಹಾಗೆ ಎತ್ತರದ ರೆಕ್ಕೆಗಳಿದ್ದವು. ಇಷ್ಟೆಲ್ಲ ಇದ್ದೂ ಲಿಂಕನ್ ಮಾತ್ರ ಕಂಪೆನಿಗೆ ಕೋಟಿಗಟ್ಟಲೆ ಡಾಲರ್ ನಷ್ಟ ತಂದಿತು.

ಆಗ ಫೋರ್ಡ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ರಾಬರ್ಟ್ ಮೆಕ್‌ನಮಾರಾ. ಲೆಕ್ಕದಲ್ಲಿ ಬಹಳ ಗಟ್ಟಿ ಮನುಷ್ಯ. ಮುಂದೆ ಅಧ್ಯಕ್ಷ ಕೆನಡಿಯವರ ಸರಕಾರದಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿ, ವಿಯೆಟ್ನಾಂ ಯುದ್ಧದ ಜೊತೆ ಹೆಸರು ಅಂಟಿಸಿಕೊಂಡವರು ಇವರೇ. ಲಿಂಕನ್ ಹೆಸರನ್ನೇ ಮುಚ್ಚಿಬಿಡುವ ಯೋಚನೆ ಇದ್ದ ಹೊತ್ತಿನಲ್ಲಿ ಅವರ ಕಣ್ಣಿಗೆ ಒಂದು ಮಣ್ಣಿನ ಮಾದರಿ ಬಿತ್ತು. ಎಲ್ವುಡ್ ಎಂಗಲ್ ಎಂಬ ವಿನ್ಯಾಸಕಾರರು ಥಂಡರ್‌ಬರ್ಡ್ ಎಂಬ ಎರಡು ಬಾಗಿಲಿನ ಕಾರಿಗಾಗಿ ಮಾಡಿದ್ದ ಮಾದರಿ ಅದು. ಇದನ್ನೇ ಸ್ವಲ್ಪ ಉದ್ದ ಮಾಡಿ ನಾಲ್ಕು ಬಾಗಿಲು ಇಡಲು ಆಗುತ್ತದಾ ಎಂದು ಮೆಕ್‌ನಮಾರಾ ಕೇಳಿದರು. 1961ರ ಕಾಂಟಿನೆಂಟಲ್ ಹುಟ್ಟಿದ್ದು ಹಾಗೆ.

ಹೊಸ ಕಾರು ಹಿಂದಿನ ವರ್ಷದ ಲಿಂಕನ್‌ಗಿಂತ ಸುಮಾರು 15 ಇಂಚು ಗಿಡ್ಡ. ರೆಕ್ಕೆ ಇಲ್ಲ, ಬಣ್ಣದ ಪಟ್ಟಿಗಳಿಲ್ಲ. ಮುಂದಿನಿಂದ ಹಿಂದಿನವರೆಗೆ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ, ಆ ಗೆರೆಯ ಮೇಲೆ ತೆಳುವಾದ ಕ್ರೋಮ್ ಅಂಚು. ಅಷ್ಟೇ. ಹಿಂದಿನ ಬಾಗಿಲುಗಳು ಮಾತ್ರ ವಿಚಿತ್ರ. ಕೀಲು ಹಿಂಬದಿಗೆ ಇರುವುದರಿಂದ ಮುಂದಿನ ಮತ್ತು ಹಿಂದಿನ ಬಾಗಿಲು ಹಳೆಯ ಕಪಾಟಿನ ಎರಡು ಕದಗಳ ಹಾಗೆ ತೆರೆದುಕೊಳ್ಳುತ್ತವೆ. ಇದನ್ನು ಶೋಕಿಗೆ ಅಂತ ಮಾಡಿದ್ದಲ್ಲ. ಮಾದರಿಯಲ್ಲಿ ಹಿಂದೆ ಕುಳಿತು ಇಳಿಯುವಾಗ ಇಂಜಿನಿಯರುಗಳ ಕಾಲು ಬಾಗಿಲಿಗೆ ಬಡಿಯುತ್ತಿತ್ತು, ಅದಕ್ಕೆ ಕೀಲನ್ನೇ ಹಿಂದಕ್ಕೆ ಹಾಕಿದರು. ಆ ವರ್ಷ ಅಮೆರಿಕದ ವಿನ್ಯಾಸಕಾರರ ಸಂಸ್ಥೆ ಈ ಕಾರಿನ ಹಿಂದಿದ್ದ ಏಳು ಜನರಿಗೆ ಪದಕ ಕೊಟ್ಟು ಗೌರವಿಸಿತು.

ಇಂಜಿನ್ 7 ಲೀಟರ್‌ನದು, ಎಂಟು ಸಿಲಿಂಡರ್, 300 ಅಶ್ವಶಕ್ತಿ. ಅದೇ ಕಾಲಕ್ಕೆ ನಮ್ಮ ರಸ್ತೆಯಲ್ಲಿದ್ದ ಅಂಬಾಸಿಡರ್ ಕಾರಿನ ಇಂಜಿನ್ ಒಂದೂವರೆ ಲೀಟರ್ ಮಾತ್ರ ಎಂದರೆ ಅಂದಾಜು ಸಿಗಬಹುದು. ತೂಕ ಎರಡು ಟನ್ನಿಗೂ ಹೆಚ್ಚು. ಕಿಟಕಿ ಗಾಜು ಇಳಿಸಲು, ಸ್ಟೇರಿಂಗ್ ತಿರುಗಿಸಲು, ಬ್ರೇಕ್ ಒತ್ತಲು ಎಲ್ಲದಕ್ಕೂ ಪವರ್. ಬೆಲೆ ಆಗಿನ ಆರು ಸಾವಿರ ಡಾಲರಿಗಿಂತ ಸ್ವಲ್ಪ ಹೆಚ್ಚು. ಆ ವರ್ಷ ಸುಮಾರು 25,000 ಕಾರುಗಳು ತಯಾರಾದವು. ಅದರಲ್ಲಿ 22,000ಕ್ಕೂ ಹೆಚ್ಚು ಸೆಡಾನ್, ಉಳಿದವು ಮೇಲ್ಛಾವಣಿ ಮಡಚುವ ಮಾದರಿ.

ಕಂಪೆನಿಯೇ ಬರೆದಿಟ್ಟ ಎರಡು ಲೆಕ್ಕ

ಮಿಶಿಗನ್ ರಾಜ್ಯದ ವಿಕ್ಸಮ್ ಎಂಬ ಊರಿನ ಕಾರ್ಖಾನೆಯಲ್ಲಿ ಈ ಕಾರು ತಯಾರಾಗುತ್ತಿತ್ತು. ಹೋದ ಮಾನ ವಾಪಸ್ ಬರಬೇಕಾದರೆ ಕಾರು ಕೈಕೊಡಬಾರದು ಎಂದು ಕಂಪೆನಿ ಹಠ ಹಿಡಿಯಿತು. ಪ್ರತಿ ಇಂಜಿನನ್ನೂ ಕಾರಿಗೆ ಕೂರಿಸುವ ಮೊದಲು ಮೂರು ಗಂಟೆ ಜೋರಾಗಿ ಓಡಿಸಿ, ಬಿಚ್ಚಿ ನೋಡಿ, ಮತ್ತೆ ಜೋಡಿಸುತ್ತಿದ್ದರು. ಆಯಿಲಿನಲ್ಲಿ ಹೊಳೆಯುವ ಬಣ್ಣ ಬೆರೆಸಿ, ವಿಶೇಷ ದೀಪದ ಬೆಳಕಿನಲ್ಲಿ ಎಲ್ಲಿಯಾದರೂ ಜಿನುಗುತ್ತದಾ ಎಂದು ನೋಡುತ್ತಿದ್ದರು. ತಯಾರಾದ ಪ್ರತಿ ಕಾರನ್ನೂ 12 ಮೈಲಿ ರಸ್ತೆಯಲ್ಲಿ ಓಡಿಸಿ, ಸುಮಾರು ಇನ್ನೂರು ಅಂಶಗಳನ್ನು ಪರೀಕ್ಷೆ ಮಾಡಿ ಹೊರಗೆ ಬಿಡುತ್ತಿದ್ದರು.

ಆ ಮೇಲೆ ಅಮೆರಿಕದ ಬೇರೆ ಯಾವ ಕಾರು ಕಂಪೆನಿಯೂ ಆಗ ಕೊಡದಿದ್ದ ಗ್ಯಾರಂಟಿ ಕೊಟ್ಟರು: ಎರಡು ವರ್ಷ ಅಥವಾ 24,000 ಮೈಲಿ, ಯಾವುದು ಮೊದಲು ಮುಗಿಯುತ್ತದೋ ಅದು.

ಈ ಸಾಲನ್ನು ಇನ್ನೊಮ್ಮೆ ಓದಿ. ಕಾರಿಗೆ ವಯಸ್ಸಾಗುವುದು ಎರಡು ಲೆಕ್ಕದಲ್ಲಿ ಎಂದು ತಯಾರಿಸಿದವರೇ ಬರೆದುಕೊಟ್ಟಿದ್ದಾರೆ. ಒಂದು ಮೈಲಿಯ ಲೆಕ್ಕ, ಇನ್ನೊಂದು ವರ್ಷದ ಲೆಕ್ಕ. ಇವತ್ತು ಯಾರಾದರೂ 20,000 ಮೈಲಿ ಮಾತ್ರ ಓಡಿದ ಕಾಂಟಿನೆಂಟಲ್ ಮಾರಲು ಇಟ್ಟರೆ, ಮೈಲಿಯ ಲೆಕ್ಕದಲ್ಲಿ ಅದು ಇನ್ನೂ ಗ್ಯಾರಂಟಿಯ ಒಳಗೆ ಇದೆ. ವರ್ಷದ ಲೆಕ್ಕದಲ್ಲಿ ಆ ಗ್ಯಾರಂಟಿ 1963ಕ್ಕೇ ಮುಗಿದಿದೆ. ಮಾರುವವರು ಮೊದಲನೇ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಹೇಳುತ್ತಾರೆ. ಎರಡನೇ ಲೆಕ್ಕ ಕೊಂಡವರ ತಲೆಗೆ ಬರುತ್ತದೆ.

ನಿಂತ ಗಾಡಿಯ ಕಾಯಿಲೆಗಳು

ಅರುವತ್ತು ವರ್ಷದಲ್ಲಿ 20,000 ಮೈಲಿ ಅಂದರೆ ವರ್ಷಕ್ಕೆ ಮುನ್ನೂರ ಚಿಲ್ಲರೆ ಮೈಲಿ. ಅಂದರೆ ಆ ಕಾರು ತನ್ನ ಆಯುಸ್ಸಿನ ಹೆಚ್ಚು ಭಾಗ ಶೆಡ್ಡಿನಲ್ಲಿ ನಿಂತೇ ಕಳೆದಿದೆ. ವಯಸ್ಸಾದ ಯಜಮಾನರು ತೀರಿಕೊಂಡು ಮನೆಯವರು ಮುಚ್ಚಿಟ್ಟಿರಬಹುದು, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪಿಗೆ ಹೆದರಿ ಹೊರಗೆ ತೆಗೆಯದೆ ಇದ್ದಿರಬಹುದು. ಆ ಹೆದರಿಕೆಯಲ್ಲಿ ಅರ್ಥವಿದೆ. ಉಪ್ಪು ತಗಡನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಕಡಲ ಕರೆಯಲ್ಲಿ ಬದುಕುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ನಿಂತ ಗಾಡಿಗೆ ಬೇರೆ ಕಾಯಿಲೆಗಳಿವೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ವರ್ಷಗಳು ಕಳೆದಂತೆ ಕೆಟ್ಟು ಅಂಟಾಗಿ, ಕಾರ್ಬುರೇಟರಿನ ಸಣ್ಣ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಟ್ಯಾಂಕಿನ ಒಳಗೆ ತುಕ್ಕು ಹಿಡಿಯುತ್ತದೆ. ರೇಡಿಯೇಟರಿನ ನೀರು ಬದಲಿಸದಿದ್ದರೆ ಒಳಗೆ ಕೆಸರು ಕಟ್ಟುತ್ತದೆ. ರಬ್ಬರ್ ಹೋಸುಗಳು, ಆಯಿಲ್ ಸೀಲುಗಳು ಒಣಗಿ ಬಿರಿಯುತ್ತವೆ. ವಯರುಗಳನ್ನು ಇಲಿ ಕಡಿಯುತ್ತದೆ. ಕಾಂಟಿನೆಂಟಲ್‌ನಲ್ಲಿ ಇನ್ನೊಂದು ವಿಶೇಷ ಇದೆ. ಅದರ ವೈಪರಿಗೆ ಕರೆಂಟಿನ ಮೋಟರ್ ಇಲ್ಲ, ಪವರ್ ಸ್ಟೇರಿಂಗ್ ಪಂಪಿನ ಆಯಿಲಿನ ಒತ್ತಡದಲ್ಲಿ ವೈಪರ್ ಓಡುತ್ತದೆ. ಹಳೆಯದೊಂದು ಸೀಲು ಬಿರಿದು ಆಯಿಲ್ ಇಳಿದುಹೋದರೆ ವೈಪರಿಗೂ ಸ್ಟೇರಿಂಗಿಗೂ ಒಟ್ಟಿಗೆ ತೊಂದರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬ್ರೇಕಿನಲ್ಲಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವ ವಸ್ತು. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಒಳಗಿನಿಂದಲೇ ಪೈಪು, ಸಿಲಿಂಡರುಗಳಿಗೆ ತುಕ್ಕು ಹಿಡಿಯುತ್ತದೆ. 1961ರ ಲಿಂಕನ್‌ನಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮುಂದಿನ ಚಕ್ರಕ್ಕೆ ಡಿಸ್ಕ್ ಬಂದದ್ದು 1965ರಲ್ಲಿ. ನಾಲ್ಕೂ ಚಕ್ರದ ಬ್ರೇಕ್ ಆಯಿಲ್ ಹೋಗುವುದು ಒಂದೇ ದಾರಿಯಲ್ಲಿ. ಈಗಿನ ಕಾರುಗಳಲ್ಲಿ ಎರಡು ಬೇರೆ ಬೇರೆ ದಾರಿ ಇರುತ್ತದೆ, ಒಂದು ಸೋರಿದರೂ ಇನ್ನೊಂದು ಗಾಡಿ ನಿಲ್ಲಿಸುತ್ತದೆ. ಈ ಹಳೆ ಕಾರಿನಲ್ಲಿ ಬೆರಳು ಗಾತ್ರದ ಒಂದು ಹೋಸು ಒಡೆದರೆ ಎರಡು ಟನ್ನಿನ ಗಾಡಿಗೆ ಕಾಲಿನ ಬ್ರೇಕೇ ಇಲ್ಲ. ಜೊತೆಗೆ 1961ರಲ್ಲಿ ಸೀಟ್ ಬೆಲ್ಟ್ ಕೂಡ ಕಾರಿನೊಂದಿಗೆ ತಾನಾಗಿ ಬರುತ್ತಿರಲಿಲ್ಲ.

ಹಾಗಾಗಿ ಕಡಿಮೆ ಓಡಿದ ಹಳೆ ಕಾರನ್ನು ತಂದ ತಿಳಿವಳಿಕೆಯವರು ಮೊದಲ ದಿನವೇ ಕೀ ತಿರುಗಿಸಿ ಸ್ಟಾರ್ಟ್ ಮಾಡುವುದಿಲ್ಲ. ಹಳೆ ಪೆಟ್ರೋಲ್ ಇಳಿಸುತ್ತಾರೆ. ಸಿಲಿಂಡರಿನ ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಇಂಜಿನನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ನೋಡುತ್ತಾರೆ. ಬ್ರೇಕಿನ ಹೋಸು, ಸಿಲಿಂಡರ್, ಆಯಿಲ್ ಎಲ್ಲ ಹೊಸದು. ಟಯರಿನ ಗೆರೆಗಳು ಎಷ್ಟೇ ಆಳವಾಗಿದ್ದರೂ ವಯಸ್ಸಾಗಿದ್ದರೆ ಹೊಸ ಟಯರ್. ಸ್ವಲ್ಪವೇ ದುರಸ್ತಿ ಎಂದು ಹೇಳುವುದಾದರೆ ಆ ಸ್ವಲ್ಪ ಇಲ್ಲಿಂದ ಶುರುವಾಗಬೇಕು. ಪೈಂಟ್ ಹೊಡೆದು, ಕ್ರೋಮ್ ಉಜ್ಜಿ, ಬ್ರೇಕನ್ನು ಹಾಗೇ ಬಿಟ್ಟ ಕಾರು ಕೊಂಡವನ ಮನೆಮಂದಿಯ ಜೀವದ ಜೊತೆ ಆಟ.

ಮೀಟರಿಗೆ ಸಾಕ್ಷಿ ಯಾರು?

ಈಗ ಸಂಖ್ಯೆಯ ವಿಷಯಕ್ಕೆ ಬರೋಣ. ಆ ಕಾಲದ ಮೈಲಿ ಮೀಟರಿನಲ್ಲಿ ಪೂರ್ತಿ ಮೈಲಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಅಂದರೆ 20,000 ತೋರಿಸುವ ಕಾರು 1,20,000 ಮೈಲಿ ಓಡಿದ್ದೂ ಆಗಿರಬಹುದು. ಅದಲ್ಲದೆ ಮೀಟರ್ ಬಿಚ್ಚಿ ಅಂಕಿ ಹಿಂದೆ ಸರಿಸುವ ಕೈಚಳಕ ಅಲ್ಲಿಯೂ ಇತ್ತು. ಇದು ವಿಪರೀತವಾದಾಗ ಅಮೆರಿಕ ಸರಕಾರ 1972ರಲ್ಲಿ ಕಾನೂನು ತಂದು ಮೀಟರ್ ತಿದ್ದುವುದನ್ನು ಅಪರಾಧ ಮಾಡಿತು. ಮಾರುವವರು ಓಡಿದ ಮೈಲಿಯನ್ನು ಬರೆದುಕೊಡಬೇಕು ಎಂದೂ ಹೇಳಿತು. ಆದರೆ ತೀರಾ ಹಳೆಯ ಗಾಡಿಗಳಿಗೆ ಹಾಗೆ ಬರೆದುಕೊಡುವ ನಿಯಮದಿಂದ ವಿನಾಯಿತಿ ಇದೆ. ಹೀಗಾಗಿ 1961ರ ಕಾರಿನ ವಿಷಯದಲ್ಲಿ ಕೊಳ್ಳುವವರೇ ಸಾಕ್ಷಿ ಹುಡುಕಬೇಕು.

ಆ ಸಾಕ್ಷಿ ಎಲ್ಲಿದೆ? ಮೊದಲನೆಯದು ಕಾಗದ. ಮೊದಲ ಮಾಲಕರ ಹೆಸರಿನ ಗ್ಯಾರಂಟಿ ಪುಸ್ತಕ, ಸರ್ವಿಸ್ ಬಿಲ್ಲುಗಳು, ಆಯಿಲ್ ಬದಲಿಸಿದಾಗ ಬಾಗಿಲಿನ ಅಂಚಿಗೆ ಗ್ಯಾರೇಜಿನವರು ಅಂಟಿಸುವ ಚೀಟಿ. ಆ ಚೀಟಿಯಲ್ಲಿ ತಾರೀಕು ಮತ್ತು ಮೈಲಿ ಎರಡೂ ಇರುತ್ತದೆ. 1964ರ ಚೀಟಿಯಲ್ಲಿ 9,000, 1970ರ ಬಿಲ್ಲಿನಲ್ಲಿ 14,000 ಎಂದು ಸಾಲಾಗಿ ಏರುತ್ತಾ ಬಂದರೆ ಮೀಟರಿನ ಮಾತಿಗೆ ತೂಕ ಬರುತ್ತದೆ. ನಡುವೆ ಹದಿನೈದು ವರ್ಷದ ಕಾಗದವೇ ಇಲ್ಲ ಎಂದಾದರೆ ಅನುಮಾನ ಪಡಬೇಕು.

ಎರಡನೆಯ ಸಾಕ್ಷಿ ಗಾಡಿಯೇ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಅದು 20,000 ಮೈಲಿಯ ಕಾಲು ಅಲ್ಲ. ಡ್ರೈವರ್ ಬದಿಯ ಸೀಟು ಮಾತ್ರ ಕುಸಿದಿದೆಯಾ, ಕಾರ್ಪೆಟ್ಟಿನಲ್ಲಿ ಹಿಮ್ಮಡಿ ಇಡುವ ಜಾಗ ತೂತಾಗಿದೆಯಾ, ಡ್ರೈವರ್ ಬಾಗಿಲು ಎತ್ತಿ ಮುಚ್ಚಬೇಕಾಗುತ್ತದಾ, ಸ್ಟೇರಿಂಗಿನ ಹಿಡಿ ಮಿರುಗುತ್ತಿದೆಯಾ ಎಂದು ನೋಡಬೇಕು. ಮೀಟರ್ ಸುತ್ತಲಿನ ಸ್ಕ್ರೂಗಳ ತಲೆಯಲ್ಲಿ ಗೀರು ಕಂಡರೆ ಯಾರೋ ಬಿಚ್ಚಿದ್ದಾರೆ ಎಂದು ಲೆಕ್ಕ. ಪೆಡಲಿನ ರಬ್ಬರ್ ಒಂದೇ ಹೊಚ್ಚ ಹೊಸದಾಗಿದ್ದು ಉಳಿದದ್ದೆಲ್ಲ ಹಳತಾಗಿದ್ದರೆ ಅದೂ ಒಂದು ಪ್ರಶ್ನೆಯೇ.

ಮೂರನೆಯದು ಕಾರ್ಖಾನೆ ಬರೆದಿಟ್ಟ ಗುರುತು. 1961ರ ಕಾಂಟಿನೆಂಟಲ್ ಸೆಡಾನಿನ ನಂಬರ್ 1ವೈ82ಎಚ್ ಎಂದು ಶುರುವಾಗುತ್ತದೆ. 1 ಅಂದರೆ 1961, ವೈ ಅಂದರೆ ವಿಕ್ಸಮ್ ಕಾರ್ಖಾನೆ, 82 ಅಂದರೆ ಸೆಡಾನ್, ಎಚ್ ಅಂದರೆ ಆ 7 ಲೀಟರ್ ಇಂಜಿನ್. ಕಾರು ಹುಟ್ಟುವಾಗ ಯಾವ ಬಣ್ಣ, ಒಳಗೆ ಯಾವ ಸೀಟಿನ ಬಟ್ಟೆ ಅಥವಾ ಚರ್ಮ ಎಂಬುದಕ್ಕೂ ತಗಡಿನ ಮೇಲೆ ಗುರುತು ಇರುತ್ತದೆ. ತಗಡು ಬಿಳಿ ಎಂದು ಹೇಳಿ ಕಾರು ಕಪ್ಪಾಗಿದ್ದರೆ, ಮೂಲ ಪೈಂಟ್ ಎಂಬ ಮಾತು ಅಲ್ಲಿಗೇ ಬಿತ್ತು.

ಎಲ್ಲಿ ಕೈ ಹಾಕಬೇಕು, ಎಲ್ಲಿ ನಿಲ್ಲಿಸಬೇಕು

ಹಿಂದೆ ಅಮೆರಿಕದಲ್ಲಿಯೂ ಹಳೆ ಕಾರು ಅಂದರೆ ಕೊನೆಯ ಬೋಲ್ಟಿನವರೆಗೆ ಬಿಚ್ಚಿ, ತಗಡು ಬೋಳು ಮಾಡಿ, ಕಾರ್ಖಾನೆಯಲ್ಲಿ ಇದ್ದದ್ದಕ್ಕಿಂತಲೂ ಹೆಚ್ಚು ಹೊಳಪು ಕೊಡುವುದೇ ದೊಡ್ಡ ಕೆಲಸ ಅನ್ನಿಸಿಕೊಳ್ಳುತ್ತಿತ್ತು. ಈಗ ನೋಟ ಬದಲಾಗಿದೆ. 1935ರಲ್ಲಿ ಶುರುವಾದ ಅಲ್ಲಿನ ದೊಡ್ಡ ಹಳೆ ಕಾರು ಸಂಘ, ಆ್ಯಂಟೀಕ್ ಆಟೋಮೊಬೈಲ್ ಕ್ಲಬ್ ಆಫ್ ಅಮೆರಿಕ, ಮೂಲ ಭಾಗಗಳನ್ನು ಉಳಿಸಿಕೊಂಡ ಕಾರುಗಳಿಗೆಂದೇ ಬೇರೆ ವಿಭಾಗ ಇಟ್ಟಿದೆ. ಮಾಸಿದ ಪೈಂಟ್, ಸ್ವಲ್ಪ ಬಿರಿದ ಚರ್ಮ ಇದ್ದರೂ ಅಲ್ಲಿ ಅದಕ್ಕೆ ಮರ್ಯಾದೆ ಇದೆ.

ಕಾರಣ ಸರಳ. ಕಾರ್ಖಾನೆಯಲ್ಲಿ ಹೊಡೆದ ಪೈಂಟ್ ಒಂದು ಸಲ ಉಜ್ಜಿ ತೆಗೆದರೆ ಅದನ್ನು ವಾಪಸ್ ತರಲು ಯಾವ ದುಡ್ಡಿಗೂ ಆಗುವುದಿಲ್ಲ. ನಂತರ ಹೊಡೆದದ್ದು ಎಷ್ಟೇ ಚಂದ ಇರಲಿ, ಅದು ನಮ್ಮ ಕಾಲದ್ದು. ಮೇಲಾಗಿ ಹೊಸ ಪೈಂಟಿನ ಅಡಿಯಲ್ಲಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಟಿಂಕರಿಂಗ್ ಕೆಲಸ ಬಲ್ಲ ನಮ್ಮ ಹುಡುಗರಿಗೆ ಕೇಳಿ, ಪುಟ್ಟಿ ತುಂಬಿ ಪೈಂಟ್ ಹೊಡೆದರೆ ಕೊಳೆತ ತಗಡೂ ಕನ್ನಡಿಯ ಹಾಗೆ ಕಾಣುತ್ತದೆ. ಮೂಲ ಪೈಂಟ್ ಇರುವ ಕಾರು ತನ್ನ ಗೀರು, ತನ್ನ ತುಕ್ಕು, ಅಪಘಾತ ಆಗಿದೆಯೋ ಇಲ್ಲವೋ ಎಲ್ಲವನ್ನೂ ತಾನೇ ತೋರಿಸುತ್ತದೆ. ಅದಕ್ಕೇ ಬಲ್ಲವರು ಬ್ರೇಕ್, ಟಯರ್, ಹೋಸುಗಳಂಥ ಸುರಕ್ಷತೆಯ ಭಾಗಗಳಿಗೆ ಹಿಂದೆ ಮುಂದೆ ನೋಡದೆ ಕೈ ಹಾಕುತ್ತಾರೆ. ಪೈಂಟ್, ಸೀಟು, ಗಾಜು, ಕ್ರೋಮ್ ವಿಷಯ ಬಂದಾಗ ತೊಳೆದು, ಒರೆಸಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಬದಲಿಸಿದ ಹಳೆ ಭಾಗಗಳನ್ನು ಗುಜರಿಗೆ ಹಾಕದೆ ಡಬ್ಬದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಡುತ್ತಾರೆ. ಏನೇನು ಮಾಡಿದೆವು ಎಂದು ಒಂದು ಪಟ್ಟಿ ಬರೆದು ಕೊಳ್ಳುವವರ ಕೈಗೆ ಕೊಡುತ್ತಾರೆ. ಆ ಪಟ್ಟಿ ಇಲ್ಲದೆ ಸ್ವಲ್ಪವೇ ದುರಸ್ತಿ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಅಳೆಯಲು ಕೋಲು ಇಲ್ಲ.

ಇದೇ ಮಾದರಿಯ ಅತ್ಯಂತ ಪ್ರಸಿದ್ಧ ಕಾರು ಈ ಮಾತಿಗೆ ಉದಾಹರಣೆ. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿ ಗುಂಡೇಟಿಗೆ ಬಲಿಯಾದಾಗ ಕುಳಿತಿದ್ದದ್ದು 1961ರ ಕಾಂಟಿನೆಂಟಲ್‌ನಲ್ಲಿಯೇ. ಮೇಲ್ಛಾವಣಿ ತೆಗೆಯುವ ಕಾರನ್ನು ಸಿನ್ಸಿನಾಟಿಯ ಕಾರ್ಯಾಗಾರವೊಂದರಲ್ಲಿ ಸುಮಾರು ಮೂರೂವರೆ ಅಡಿ ಉದ್ದ ಮಾಡಿ ತಯಾರಿಸಿದ್ದರು, ಬಣ್ಣ ಕಡು ನೀಲಿ. ಆ ದುರ್ಘಟನೆಯ ನಂತರ ಅದನ್ನು ಗುಜರಿಗೆ ಹಾಕಲಿಲ್ಲ. ಗುಂಡು ತಾಗದ ಕವಚ, ಕಾಯಂ ಮೇಲ್ಛಾವಣಿ ಹಾಕಿ ಮತ್ತೆ ಕಟ್ಟಿದರು, ಆಮೇಲೆ ಬಣ್ಣವನ್ನೂ ಕಪ್ಪು ಮಾಡಿದರು. 1977ರವರೆಗೂ ಅದು ಸರಕಾರಿ ಕೆಲಸದಲ್ಲಿ ಇತ್ತು. ಈಗ ಮಿಶಿಗನ್ನಿನ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಅಧ್ಯಕ್ಷರ ರಕ್ಷಣೆಗೆ ಆ ದುರಸ್ತಿ ಬೇಕಾಗಿಯೇ ಇತ್ತು. ಆದರೆ ಇವತ್ತು ಅಲ್ಲಿ ಹೋಗಿ ನಿಂತವರಿಗೆ ಆ ನವೆಂಬರ್ ದಿನದ ಕಾರು ಕಾಣಿಸುವುದಿಲ್ಲ. ದುರಸ್ತಿ ಎಷ್ಟು ಆಳಕ್ಕೆ ಹೋಗುತ್ತದೋ ಸಾಕ್ಷಿ ಅಷ್ಟು ಅಳಿಯುತ್ತದೆ.

ನಮ್ಮ ಅಂಗಳದ ಗಾಡಿ

ಲಿಂಕನ್ ಕೊಳ್ಳುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಬೇಡಿ. ಆದರೆ ಮಗ ವಿದೇಶದಿಂದ ಕಳಿಸಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮನೆಗಳು ಬೇಕಾದಷ್ಟಿವೆ. ರಜೆಗೆ ಬಂದಾಗ ಓಡಿಸಿ, ಹೋಗುವಾಗ ಶೆಡ್ಡಿನಲ್ಲಿ ನಿಲ್ಲಿಸಿ, ಹತ್ತು ತಿಂಗಳು ಮುಟ್ಟದೆ ಇಡುವ ಮನೆಗಳೂ ಇವೆ. ಮಾರುವಾಗ ನಾವೂ ಹೇಳುವುದು ಅದೇ ಮಾತು ಅಲ್ವಾ? “ಓಡಿದ್ದೇ ಕಮ್ಮಿ.”

ಹಾಗಾದರೆ ಲಿಂಕನ್ ನೋಡುವವರು ನೋಡುವ ಹಾಗೆಯೇ ನಾವೂ ನೋಡೋಣ. ಟಯರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದ ಟಯರ್ ಎಂದರ್ಥ. ಮೀಟರ್ ಏನೇ ಹೇಳಲಿ, ಟಯರಿನ ವಯಸ್ಸು ಅದೇ. ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಿಸಿದ್ದು ಎಂದು ಕೇಳಬೇಕು, ಬಿಲ್ ಕೇಳಬೇಕು. ಸರ್ವಿಸ್ ಪುಸ್ತಕದ ಕಿಲೋಮೀಟರ್ ಏರುತ್ತಾ ಬಂದಿದೆಯಾ ಎಂದು ಬೆರಳಿಟ್ಟು ಓದಬೇಕು. ಪೆಡಲ್, ಸೀಟು, ಸ್ಟೇರಿಂಗ್ ಮೀಟರಿನ ಜೊತೆ ಒಂದೇ ಮಾತು ಹೇಳುತ್ತವಾ ಎಂದು ನೋಡಬೇಕು. ಬಾಗಿಲಿನ ರಬ್ಬರ್ ಎತ್ತಿದರೆ ಅಡಿಯಲ್ಲಿ ಬೇರೆ ಬಣ್ಣ ಇಣುಕುತ್ತದಾ ಎಂದು ನೋಡಬೇಕು.

ಮಾರುವವರು ನಾವೇ ಆದರೆ ಕೆಲಸ ಇನ್ನೂ ಸುಲಭ. ಗಾಡಿ ಎಷ್ಟು ಕಾಲ ನಿಂತಿತ್ತು, ಎಲ್ಲಿ ಗುದ್ದಿತ್ತು, ಏನು ಬದಲಿಸಿದೆವು, ಏನು ಬದಲಿಸಬೇಕಾಗಿದೆ ಎಂದು ಒಂದು ಹಾಳೆಯಲ್ಲಿ ಬರೆದು ಆರ್‌ಸಿ ಜೊತೆ ಕೊಟ್ಟರೆ ಸಾಕು. ಬೆಲೆ ನಾಲ್ಕು ಕಾಸು ಕಡಿಮೆ ಬರಬಹುದು. ಆದರೆ ಆ ಗಾಡಿಯಲ್ಲಿ ನಾಳೆ ಯಾರದೋ ತಾಯಿ, ಯಾರದೋ ಮಕ್ಕಳು ಕುಳಿತು ಘಾಟಿ ಇಳಿಯುತ್ತಾರೆ. ಬ್ರೇಕ್ ಹೋಸಿನ ವಿಷಯ ಅವರಿಗೆ ಮೊದಲೇ ಗೊತ್ತಿರಬೇಕು.